ಹೊರದೇಶದಲ್ಲಿ ಮನೆಗೆಲಸಕ್ಕೆ ಹೇಗೆ ಒಗ್ಗಿಕೊಂಡಿರಿ? ಅನುಭವ ಹೇಳಿ

ಕುಟುಂಬ ಸಮೇತ ಹೊರದೇಶಕ್ಕೆ ಬಂದು ಕೆಲವು ತಿಂಗಳಾಯಿತು. ದೊಡ್ಡವಳು ಶಾಲೆಗೆ ಹೋಗುತ್ತಾಳೆ, ಚಿಕ್ಕವನು ಮನೆಯಲ್ಲೇ ಇರುತ್ತಾನೆ. ಯಜಮಾನರಿಗೆ ಆಫೀಸು, ನನಗೆ ಮನೆಯಿಂದಲೇ ಅರ್ಧ ದಿನದ ಕೆಲಸ. ಮೊದಲು ಪಾತ್ರೆ, ನೆಲ, ಬಟ್ಟೆಗೆಲ್ಲ ಕೆಲಸದವರಿದ್ದರು, ಮಕ್ಕಳನ್ನು ನೋಡಿಕೊಳ್ಳಲು ಅತ್ತೆ ಇದ್ದರು. ಇಲ್ಲಿ ಎಲ್ಲಾ ನಾವೇ. ಮೆಷಿನ್‌ಗಳೇನೋ ಇವೆ, ಆದರೂ ಮಲಗುವ ಹೊತ್ತಾದರೂ ಕೆಲಸ ಮುಗಿಯುವುದಿಲ್ಲ. ಯಜಮಾನರು ಹೇಳಿದ್ದನ್ನೆಲ್ಲ ಬೇಸರವಿಲ್ಲದೆ ಮಾಡುತ್ತಾರೆ, ಆದರೆ ಪ್ರತಿಯೊಂದನ್ನೂ ಹೇಳಲೇಬೇಕು. ನೀವೆಲ್ಲ ಹೇಗೆ ನಿಭಾಯಿಸಿದಿರಿ?

* * *

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನಿಸಿದ್ದು ಆ ಕೊನೆಯ ಮಾತು. ಮನೆಗೆಲಸದ ಭಾರ ಕೈಗಿಂತ ತಲೆಗೇ ಜಾಸ್ತಿ. ಸೋಪು ಮುಗಿಯುತ್ತಾ ಬಂತು, ನಾಳೆ ಕಸ ಹೊರಗಿಡುವ ದಿನ, ಶಾಲೆಯ ಫಾರ್ಮ್‌ಗೆ ಇನ್ನೂ ಸಹಿ ಹಾಕಿಲ್ಲ, ಚಿಕ್ಕವನಿಗೆ ಶೂ ಬಿಗಿಯಾಗುತ್ತಿದೆ, ಇದನ್ನೆಲ್ಲ ಒಬ್ಬರೇ ನೆನಪಿಟ್ಟುಕೊಳ್ಳುತ್ತಿದ್ದರೆ ಎಷ್ಟು ಮೆಷಿನ್ ಇದ್ದರೂ ದಣಿವು ಕಡಿಮೆ ಆಗುವುದಿಲ್ಲ. ಮೊದಲಿದ್ದ ಮನೆಯಲ್ಲಿ ಈ ನೆನಪು ಹಂಚಿಹೋಗಿತ್ತು. ಪಾತ್ರೆ ತೊಳೆಯುವವರೇ ಸೋಪು ಮುಗಿಯಿತು ಎನ್ನುತ್ತಿದ್ದರು. ಮಕ್ಕಳ ಊಟದ ಹೊತ್ತನ್ನು ಅತ್ತೆ ನೋಡಿಕೊಳ್ಳುತ್ತಿದ್ದರು. ಈಗ ಅದಷ್ಟೂ ಬಂದು ನಿಮ್ಮ ತಲೆಯಲ್ಲಿ ಕೂತಿದೆ.

ಇದು ನಿಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ವರದಿ ನೋಡಿದರೆ, ಪ್ರಪಂಚದಲ್ಲಿ ಸಂಬಳವಿಲ್ಲದೆ ನಡೆಯುವ ಮನೆಗೆಲಸ ಮತ್ತು ಆರೈಕೆಯ ಒಟ್ಟು ಸಮಯದಲ್ಲಿ ಶೇಕಡಾ 76ರಷ್ಟು ಹೆಂಗಸರ ಪಾಲಿಗೇ ಬರುತ್ತದೆ. ಹಾಗಾಗಿ ನಿಮ್ಮಿಂದ ಆಗುತ್ತಿಲ್ಲ ಎಂದು ದಯವಿಟ್ಟು ಕೊರಗಬೇಡಿ.

ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದ ಉಪಾಯ ಒಂದೇ. ಸಹಾಯ ಕೇಳುವುದನ್ನು ಬಿಟ್ಟು, ಒಂದೊಂದು ಕೆಲಸವನ್ನು ಬುಡದಿಂದ ತುದಿಯವರೆಗೆ ಒಬ್ಬರಿಗೆ ಬಿಟ್ಟುಕೊಟ್ಟೆವು. ಬಟ್ಟೆ ನನ್ನ ಗಂಡನದು. ಬುಟ್ಟಿ ತುಂಬಿದೆಯಾ ಎಂದು ನೋಡುವುದು, ಸೋಪು ತರುವುದು, ಬಣ್ಣ ಬಿಡುವ ಬಟ್ಟೆ ಬೇರೆ ಮಾಡುವುದು, ಮೆಷಿನ್‌ಗೆ ಹಾಕುವುದು, ಒಣಗಿಸುವುದು, ಮಡಚಿ ಅವರವರ ಕಪಾಟಿಗೆ ಸೇರಿಸುವುದು, ಎಲ್ಲವೂ ಅವರದೇ. ನಾನು ಆ ಬುಟ್ಟಿಯ ಕಡೆ ನೋಡುವುದೂ ಇಲ್ಲ. ಅಡುಗೆ ಮತ್ತು ದಿನಸಿ ನನ್ನದು. ಟವೆಲನ್ನು ನಾನು ಮಡಚುವ ಹಾಗೆ ಅವರು ಮಡಚುವುದಿಲ್ಲ. ಇರಲಿ. ಕೊಟ್ಟ ಮೇಲೆ ತಿದ್ದಲು ಹೋದರೆ ಆ ಕೆಲಸ ವಾಪಸ್ ನಮ್ಮ ಕೈಗೇ ಬರುತ್ತದೆ. ವಾರಕ್ಕೊಮ್ಮೆ ಮಕ್ಕಳು ಮಲಗಿದ ಮೇಲೆ ಇಬ್ಬರೂ ಹತ್ತು ನಿಮಿಷ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂರುತ್ತೇವೆ. ಯಾರಿಗೆ ತಡವಾದ ಮೀಟಿಂಗ್ ಇದೆ, ಡಾಕ್ಟರ್ ಹತ್ತಿರ ಯಾವತ್ತು ಹೋಗಬೇಕು, ಆ ವಾರ ಯಾವ ಕೆಲಸ ಬಿಟ್ಟರೂ ನಡೆಯುತ್ತದೆ, ಇಷ್ಟೇ ಮಾತು.

* * *

ಗಂಡಸರ ಕಡೆಯಿಂದಲೂ ಒಂದು ಮಾತು. ನಮ್ಮಲ್ಲಿ ಪಾತ್ರೆ ಪೂರ್ತಿ ನನ್ನ ಪಾಲು. ಡಿಶ್‌ವಾಶರ್ ಇದ್ದೂ ಕೈಯಲ್ಲೇ ತೊಳೆಯುವ ಮನೆಗಳನ್ನು ತುಂಬಾ ನೋಡಿದ್ದೇನೆ. ‘ಸರಿಯಾಗಿ ತೊಳೆಯಲ್ಲ’ ಅನ್ನುತ್ತಾರೆ. ಹೆಚ್ಚಿನ ಸಲ ಮೆಷಿನ್ ಕೆಟ್ಟಿರುವುದಿಲ್ಲ, ಅದರ ಫಿಲ್ಟರ್ ಕಟ್ಟಿಕೊಂಡಿರುತ್ತದೆ. ಕೆಳಗಿನ ಟ್ರೇ ಹೊರಗೆ ಎಳೆಯಿರಿ. ತಳದಲ್ಲಿ ಲೋಟದ ಗಾತ್ರದ ಜಾಲರಿಯೊಂದು ಕಾಣುತ್ತದೆ. ಹೆಚ್ಚಿನ ಮೆಷಿನ್‌ಗಳಲ್ಲಿ ತಿರುಗಿಸಿದರೆ ಕೈಗೆ ಬರುತ್ತದೆ. ತುಂಬಾ ದಿನ ಮುಟ್ಟಿರದಿದ್ದರೆ ಅದರ ಸುತ್ತ ಜಿಡ್ಡಿನ ಬೂದು ಪದರ ಇರುತ್ತದೆ, ಒಳಗೆ ಅನ್ನದಗುಳು, ಬೀಜ, ಸಿಪ್ಪೆ. ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು ಸಾಕು. ವಾರಕ್ಕೊಮ್ಮೆ ಮಾಡಿದರೆ ಎರಡು ನಿಮಿಷದ ಕೆಲಸ.

ಪಾತ್ರೆ ಹಾಕುವ ಮುಂಚೆ ಉಳಿದದ್ದನ್ನು ಕೆರೆದು ಕಸಕ್ಕೆ ಹಾಕಿ, ಅಷ್ಟೇ. ನಲ್ಲಿ ಕೆಳಗೆ ತೊಳೆದು ಹಾಕುವುದು ಸುಮ್ನೆ ಎರಡು ಕೆಲಸ. ಅದರ ಸೋಪಿನಲ್ಲಿ ಅನ್ನದ ಗಂಜಿ, ಪ್ರೋಟೀನ್ ಎಲ್ಲ ಕರಗಿಸುವ ಎಂಜೈಮ್ ಇರುತ್ತದೆ. ಕೊಳೆ ನೋಡಿ ನೀರು, ಸಮಯ ಹೊಂದಿಸಿಕೊಳ್ಳುವ ಸೆನ್ಸರ್ ಕೂಡ ಈಗಿನ ಎಷ್ಟೋ ಮೆಷಿನ್‌ಗಳಲ್ಲಿ ಇದೆ. ಪಾತ್ರೆಯ ಮುಖ ಕೆಳಗೆ, ಮಧ್ಯಕ್ಕೆ ತಿರುಗಿರಲಿ. ನೀರು ಚಿಮ್ಮಿಸುವ ರೆಕ್ಕೆ ಯಾವುದಕ್ಕೂ ತಾಗದೆ ತಿರುಗುತ್ತದೆಯೇ ಎಂದು ಒಮ್ಮೆ ಕೈಯಿಂದ ಸುತ್ತಿಸಿ ನೋಡಿ. ಗಡಸು ನೀರಿನ ಊರಾದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ. ಮೆಷಿನ್‌ನಲ್ಲಿ ಉಪ್ಪಿನ ಡಬ್ಬಿ ಇದ್ದರೆ ಡಿಶ್‌ವಾಶರ್ ಉಪ್ಪನ್ನೇ ತುಂಬಿ, ಅಡುಗೆ ಉಪ್ಪು ಬೇಡ. ಕೈಯಲ್ಲಿ ತೊಳೆಯುವ ಲಿಕ್ವಿಡ್ ಅಂತೂ ಹಾಕಲೇಬಾರದು, ನೊರೆ ಉಕ್ಕಿ ನೆಲಕ್ಕೆ ಹರಿಯುತ್ತದೆ. ಸ್ಟೀಲ್, ಗಾಜು, ಪಿಂಗಾಣಿಗೆ ತೊಂದರೆ ಇಲ್ಲ. ಅಲ್ಯೂಮಿನಿಯಂ ಕಪ್ಪಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ, ಮರದ್ದು ಸೀಳುತ್ತದೆ. ಈ ಮೂರು ಕೈಯಲ್ಲೇ.

ರಾತ್ರಿ ಮಲಗುವಾಗ ಮೆಷಿನ್ ಓಡಿಸುವುದು, ಬೆಳಗ್ಗೆ ಕಾಫಿಗೆ ಮುಂಚೆ ಖಾಲಿ ಮಾಡುವುದು. ಖಾಲಿ ಇದ್ದರೆ ದಿನವಿಡೀ ಎಂಜಲು ತಟ್ಟೆ ನೇರ ಒಳಗೇ ಹೋಗುತ್ತದೆ. ಸಿಂಕ್ ಖಾಲಿ ಇದ್ದರೆ ಅರ್ಧ ಮನೆ ಸ್ವಚ್ಛ ಇದ್ದ ಹಾಗೆ ಅನಿಸುತ್ತದೆ ನನಗೆ.

* * *

ಬಟ್ಟೆ, ಬಾತ್‌ರೂಮ್ ಬಗ್ಗೆ ನಾನು ಹೇಳುತ್ತೇನೆ. ಸೋಪು ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಶುಭ್ರ ಆಗುವುದಿಲ್ಲ. ನೀರು ಕಡಿಮೆ ಬಳಸುವ ಮೆಷಿನ್‌ಗಳಲ್ಲಿ ಅದು ಪೂರ್ತಿ ಹೋಗದೆ ಬಟ್ಟೆಯಲ್ಲೇ ಉಳಿದು ವಾಸನೆ, ಮಕ್ಕಳಿಗೆ ತುರಿಕೆ. ದಿನನಿತ್ಯದ ಬಟ್ಟೆಗೆ 30 ರಿಂದ 40 ಡಿಗ್ರಿ ಸಾಕು. ಮುಗಿದ ಮೇಲೆ ಬಾಗಿಲು ತೆರೆದಿಡಿ, ಆದರೆ ಚಿಕ್ಕವನು ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಡ್ರೈಯರ್ ಇದ್ದರೆ ಅದರ ಜಾಲರಿಯಲ್ಲಿ ಕೂರುವ ನೂಲಿನ ಧೂಳನ್ನು ಪ್ರತಿ ಸಲ ತೆಗೆಯಲೇಬೇಕು, ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು.

ಬಾತ್‌ರೂಮ್ ವಿಷಯದಲ್ಲಿ ನಮ್ಮ ಅಭ್ಯಾಸವೇ ಬದಲಾಗಬೇಕು. ಎಷ್ಟೋ ದೇಶಗಳ ಮನೆಗಳಲ್ಲಿ ಷವರ್ ಬಿಟ್ಟರೆ ನೆಲದಲ್ಲಿ ನೀರು ಹೋಗಲು ದಾರಿಯೇ ಇರುವುದಿಲ್ಲ. ಬಕೆಟ್ ನೀರು ಸುರಿದು ತೊಳೆದರೆ ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ, ರಿಪೇರಿ ಖರ್ಚು ನಮ್ಮ ತಲೆಗೆ ಬರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸುವುದೇ ದಾರಿ. ಸ್ನಾನವಾದ ಮೇಲೆ ಗಾಜಿನ ಮೇಲಿನ ನೀರನ್ನು ವೈಪರ್‌ನಿಂದ ಎಳೆದುಬಿಟ್ಟರೆ ಬಿಳಿ ಕಲೆ ತಿಕ್ಕುವ ಕೆಲಸವೇ ಉಳಿಯುವುದಿಲ್ಲ. ಫ್ಯಾನ್ ಇನ್ನೊಂದು ಕಾಲು ಗಂಟೆ ಓಡಲಿ. ಚಳಿ ದೇಶದಲ್ಲಿ ಕಿಟಕಿ ಮುಚ್ಚಿಕೊಂಡು, ಒಳಗೇ ಬಟ್ಟೆ ಒಣಗಿಸಿ, ಒಳಗೇ ಅಡುಗೆ ಮಾಡಿದರೆ ತೇವ ಎಲ್ಲಿಗೆ ಹೋಗಬೇಕು ಹೇಳಿ? ಕಿಟಕಿ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಸಣ್ಣ ತೇವಾಂಶ ಮೀಟರ್ ಒಂದು ಇಟ್ಟುಕೊಳ್ಳಿ. ಶೇಕಡಾ 30 ರಿಂದ 50ರ ಒಳಗಿದ್ದರೆ ಒಳ್ಳೆಯದು, 60 ದಾಟಲು ಬಿಡಬೇಡಿ.

* * *

ಮೇಲಿನವರ ಮಾತಿಗೆ ಒಂದೇ ಸೇರಿಸುತ್ತೇನೆ, ಯಾಕೆಂದರೆ ಇದರಲ್ಲಿ ಜೀವಕ್ಕೇ ಅಪಾಯ ಇದೆ. ಬ್ಲೀಚ್ ಜೊತೆ ವಿನೆಗರ್, ಟಾಯ್ಲೆಟ್ ತೊಳೆಯುವ ಆಸಿಡ್, ಅಮೋನಿಯಾ ಇರುವ ಗಾಜಿನ ಕ್ಲೀನರ್, ಯಾವುದನ್ನೂ ಬೆರೆಸಬೇಡಿ. ಆಸಿಡ್ ಬೆರೆತರೆ ಕ್ಲೋರಿನ್, ಅಮೋನಿಯಾ ಬೆರೆತರೆ ಕ್ಲೋರಮೈನ್ ಅನಿಲ ಬರುತ್ತದೆ, ಎರಡೂ ಶ್ವಾಸಕೋಶ ಸುಡುತ್ತವೆ. ಬಾಟಲಿ ಮೇಲಿನ ಭಾಷೆ ಓದಲು ಬಾರದಿದ್ದರೆ ಫೋನ್‌ನಲ್ಲಿ ಫೋಟೊ ತೆಗೆದು ಅನುವಾದ ಮಾಡಿಸಿ, ಆಮೇಲೆ ಮುಚ್ಚಳ ತೆಗೆಯಿರಿ. ಅಡುಗೆ ಹೊಗೆಗೆ ಸ್ಮೋಕ್ ಅಲಾರ್ಮ್ ಹೊಡೆದುಕೊಳ್ಳುತ್ತದೆ ಎಂದು ಬ್ಯಾಟರಿ ತೆಗೆಯುವವರೂ ಇದ್ದಾರೆ. ದಯವಿಟ್ಟು ಬೇಡ. ಒಲೆ ಹಚ್ಚುವ ಮುಂಚೆಯೇ ಫ್ಯಾನ್ ಹಾಕಿ, ತಿಂಗಳಿಗೊಮ್ಮೆ ಬಟನ್ ಒತ್ತಿ ಅಲಾರ್ಮ್ ಪರೀಕ್ಷಿಸಿ.

* * *

ನಾನು ಎರಡು ಮಕ್ಕಳ ತಾಯಿ, ಪೂರ್ತಿ ದಿನದ ಕೆಲಸ. ಪ್ರತಿ ಹೊತ್ತೂ ಬಿಸಿ ಅಡುಗೆ ಆಗಬೇಕು ಅನ್ನುವುದನ್ನು ಬಿಟ್ಟೆವು. ಅದನ್ನು ಬಿಟ್ಟ ಮೇಲೆ ಸಿಕ್ಕ ಸಮಯ ಬೇರೆ ಯಾವ ಉಪಾಯದಿಂದಲೂ ಸಿಗಲಿಲ್ಲ. ವಾರಕ್ಕೆ ಎರಡು ಸಲ ಜಾಸ್ತಿ ಮಾಡಿ ಅಗಲವಾದ, ಆಳವಿಲ್ಲದ ಡಬ್ಬಗಳಲ್ಲಿ ಹಾಕುತ್ತೇನೆ, ಬೇಗ ತಣಿಯುತ್ತದೆ. ಅಡುಗೆಯಾದ 2 ಗಂಟೆಯೊಳಗೆ ಫ್ರಿಜ್‌ಗೆ ಹೋಗಬೇಕು. ಫ್ರಿಜ್ 4 ಡಿಗ್ರಿ, ಫ್ರೀಜರ್ ಮೈನಸ್ 18. ಮೂರು-ನಾಲ್ಕು ದಿನದಲ್ಲಿ ಮುಗಿಯದಷ್ಟನ್ನು ಮೊದಲ ದಿನವೇ ಫ್ರೀಜರ್‌ಗೆ ಹಾಕಿ, ಮುಚ್ಚಳದ ಮೇಲೆ ತಾರೀಕು ಬರೆಯಿರಿ.

ಮಕ್ಕಳನ್ನೂ ಸೇರಿಸಿಕೊಳ್ಳಿ. ನಿಮ್ಮ ಚಿಕ್ಕವನು ಕಾಲುಚೀಲದ ಜೋಡಿ ಹುಡುಕುತ್ತಾನೆ, ಆಟಿಕೆ ಬುಟ್ಟಿಗೆ ಹಾಕುತ್ತಾನೆ. ಶಾಲೆಗೆ ಹೋಗುವವಳು ಊಟದ ಡಬ್ಬಿ ತಾನೇ ತೆಗೆದಿಡಬಹುದು, ಚಮಚ ಜೋಡಿಸಬಹುದು. ಮೊದಮೊದಲು ನಾವೇ ಮಾಡಿದರೆ ಬೇಗ ಆಗುತ್ತದೆ, ನಿಜ. ಆದರೂ ಬಿಡಿ. ಇಲ್ಲಿ ಅಜ್ಜಿ-ತಾತ ಇಲ್ಲದ ಮನೆಯಲ್ಲಿ ಮಕ್ಕಳಿಗೆ ನಮ್ಮ ಜೊತೆ ಸಿಗುವ ಹೊತ್ತೇ ಕಡಿಮೆ ಅಲ್ವಾ, ಬಟ್ಟೆ ಮಡಚುವಾಗ ನನ್ನ ಮಗಳು ಶಾಲೆಯ ವಿಷಯ ಹೇಳುವಷ್ಟು ಬೇರೆ ಯಾವಾಗಲೂ ಹೇಳುವುದಿಲ್ಲ. ಆ ಹೊತ್ತನ್ನು ನಾನು ತುಂಬಾ ಜೋಪಾನ ಮಾಡುತ್ತೇನೆ.

ದುಡ್ಡಿಗೆ ತೊಂದರೆ ಇಲ್ಲದಿದ್ದರೆ ತಿಂಗಳಿಗೆ ಒಂದೋ ಎರಡೋ ಸಲ ಕ್ಲೀನಿಂಗ್‌ಗೆ ಜನ ಕರೆಸಿ. ಅದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

* * *

ಕೇಳಿದವಳು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೂ ಓದಿಸಿದೆ. ಬಟ್ಟೆ ಮತ್ತು ಕಸ ಪೂರ್ತಿ ನನಗೆ ಬಿಡು ಎಂದಿದ್ದಾರೆ. ಫಿಲ್ಟರ್ ಕೂಡ ತೆಗೆದು ನೋಡಿದೆವು, ಮೇಲೆ ಬರೆದ ಹಾಗೇ ಇತ್ತು. ಇನ್ನೊಂದೇ ಪ್ರಶ್ನೆ, ಸಿಂಕ್‌ನಲ್ಲಿ ನೀರು ನಿಧಾನ ಇಳಿಯುತ್ತಿದೆ. ಏನು ಮಾಡಲಿ?

* * *

ಎಣ್ಣೆ, ಜಿಡ್ಡು ಸಿಂಕ್‌ಗೆ ಹೋಗುತ್ತಿರಬೇಕು. ಬಿಸಿ ಇದ್ದಾಗ ಇಳಿಯುತ್ತದೆ, ತಣ್ಣನೆಯ ಪೈಪಿನಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಇನ್ನುಮುಂದೆ ಬಾಣಲೆಯನ್ನು ಮೊದಲು ಪೇಪರ್‌ನಿಂದ ಒರೆಸಿ, ಉಳಿದ ಎಣ್ಣೆ ಆರಿದ ಮೇಲೆ ಮುಚ್ಚಳ ಇರುವ ಬಾಟಲಿಗೆ ಹಾಕಿಡಿ. ತೂತಿಗೆ ಜಾಲರಿ ಹಾಕಿ. ಈಗ ಕಟ್ಟಿರುವುದಕ್ಕೆ ರಬ್ಬರ್ ಪ್ಲಂಜರ್ ಸಾಕಾಗಬಹುದು. ಆಗದಿದ್ದರೆ ಕೆಳಗಿನ ಬಾಗಿದ ಪೈಪಿನ ಅಡಿಗೆ ಬಕೆಟ್ ಇಟ್ಟು ಬಿಚ್ಚಿ ತೊಳೆಯಬೇಕು. ಬಾಡಿಗೆ ಮನೆಯಾದರೆ ಪೈಪ್ ಬಿಚ್ಚುವ ಮುಂಚೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ, ಎಷ್ಟೋ ಕಡೆ ಅವರೇ ಜನ ಕಳಿಸುತ್ತಾರೆ. ಪೈಪ್ ಬಿಡಿಸುವ ಕೆಮಿಕಲ್ ಸುರಿದಿದ್ದರೆ ಅದನ್ನೂ ಅವರಿಗೆ ಮೊದಲೇ ಹೇಳಿ, ಬಿಚ್ಚುವವರ ಕೈ ಸುಡುತ್ತದೆ.