ಸಿಗ್ನಲ್ಲಿನಲ್ಲಿ ಚಿಲ್ಲರೆ ಕೊಡುವ ಬದಲು: ಮುಂಬಯಿಯಲ್ಲಿ ತಿಂಗಳಿಗೆ 2,000 ರೂಪಾಯಿ ಎಲ್ಲಿಗೆ, ಹೇಗೆ?

ಘಾಟ್ಕೋಪರ್‌ವಾಸಿ:
ಎಲ್ಲರಿಗೂ ನಮಸ್ಕಾರ. ಬಡವರಿಗೆಂದು ತಿಂಗಳಿಗೆ 2,000 ರೂಪಾಯಿ ಎತ್ತಿಡುವ ಯೋಚನೆ ಇದೆ. ಸಿಗ್ನಲ್ಲಿನಲ್ಲಿ ಗಾಜು ತಟ್ಟುವ ಮಗುವಿಗೆ ಕೊಟ್ಟ ಹತ್ತು ರೂಪಾಯಿ ಅದರ ಹೊಟ್ಟೆಗೇ ಹೋಗುತ್ತದೆಂಬ ನಂಬಿಕೆ ಇಲ್ಲ. ಹಾಗೆಂದು ಗಾಜು ಏರಿಸಿ ಕೂರಲೂ ಮನಸ್ಸಾಗದು. ದೊಡ್ಡ ಸಂಸ್ಥೆಗಳಿಗೆ ಆನ್‌ಲೈನಿನಲ್ಲಿ ಕಳಿಸುವ ದಾರಿ ಗೊತ್ತು. ಕಣ್ಣೆದುರಿಗೇ ಇರುವವರಿಗೆ, ಅಂದರೆ ಕಟ್ಟಡದ ವಾಚ್‌ಮನ್, ಕೆಲಸದ ಬಾಯಿ (ಮನೆಗೆಲಸದಾಕೆ), ಕೂಲಿಗಾಗಿ ಬೆಳಿಗ್ಗೆ ನಾಕಾದಲ್ಲಿ (ರಸ್ತೆ ಕೂಡುವಲ್ಲಿ) ನಿಲ್ಲುವ ಯಾದಗಿರಿ, ಕಲಬುರಗಿ ಕಡೆಯ ಕೂಲಿಯವರು, ಆಸ್ಪತ್ರೆ ಮುಂದಿನ ಫುಟ್‌ಪಾತಿನಲ್ಲಿ ಮಲಗುವವರು, ಇವರಿಗೆ ನಗದಲ್ಲದೆ ಬೇರೆ ಯಾವ ರೀತಿ ಕೊಟ್ಟರೆ ಉಪಯೋಗಕ್ಕೆ ಬರುತ್ತದೆ? ಎಷ್ಟು ಖರ್ಚು, ಯಾರನ್ನು ಕೇಳಬೇಕು, ಎಲ್ಲಿ ಕೆಡುತ್ತದೆ, ಬಿಡಿಸಿ ಹೇಳಿ.

ಮಾಹಿಮ್ ಕಡೆಯವ:
ಊಟದ ವಿಷಯ ಬೇಗ ಮುಗಿಸ್ತೇನೆ. ಮಾಹಿಮ್‌ನಲ್ಲಿ ಕೆಲವು ಹೋಟೆಲುಗಳ ಮುಂದೆ ಹಸಿದವರು ಸಾಲಾಗಿ ಕುಕ್ಕರುಗಾಲಲ್ಲಿ ಕೂತಿರ್ತಾರೆ. ಹಳೇ ಪದ್ಧತಿ ಮಾರಾಯ್ರೆ ಅದು. ಗಲ್ಲಾದವನಿಗೆ "ಹತ್ತು ಜನಕ್ಕೆ" ಅಂತ ಹೇಳಿ ದುಡ್ಡು ಕೊಟ್ಟರೆ ಸಾಲಿನಲ್ಲಿ ಮುಂದೆ ಇರುವ ಹತ್ತು ಜನಕ್ಕೆ ಊಟ ಸಿಗ್ತದೆ. ದರ ಮೊದಲೇ ಕೇಳಿ, ಬಡಿಸುವ ತನಕ ಅಲ್ಲೇ ನಿಲ್ಲಿ.

"ದುಡ್ಡು ಬೇಡ, ಮಗುವಿಗೆ ಹಾಲಿನ ಪುಡಿ ಕೊಡಿಸಿ" ಅಂತ ಕೊಲಾಬಾ ಕಡೆ ಅಂಗಡಿಗೆ ಕರ್ಕೊಂಡು ಹೋಗುವವರೂ ಉಂಟು. ನೀವು ಆಚೆ ತಿರುಗಿದ ಮೇಲೆ ಡಬ್ಬಿ ಅದೇ ಅಂಗಡಿಗೆ ವಾಪಸ್ ಹೋಗ್ತದೆ. ಕೊಡಿಸುವುದಾದರೆ ಸೀಲು ಅಲ್ಲೇ ಒಡೆಸಿ.

ಮಗು ಒಂಟಿಯಾಗಿದ್ದರೆ, ಮೈಮೇಲೆ ಗಾಯ ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಸಿಗ್ನಲ್ಲಿನ ಹೆಸರು, ಯಾವ ದಿಕ್ಕಿಗೆ ಹೋಗುವ ರಸ್ತೆ, ಮಗುವಿನ ಬಟ್ಟೆಯ ಬಣ್ಣ, ಇಷ್ಟನ್ನೂ ಹೇಳಬೇಕು. "ಸಯಾನ್‌ನಲ್ಲಿ ಒಂದು ಮಗು" ಅಂದರೆ ಅವರಾದರೂ ಎಲ್ಲಿ ಹುಡುಕುವುದು?

ಪಾಸ್‌ಬುಕ್:
ವಾಚ್‌ಮನ್, ಕೆಲಸದ ಬಾಯಿಗೆ ನನ್ನ ಸಲಹೆ ಒಂದೇ, ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂ. (ವಯಸ್ಸು 18–70): ಅಪಘಾತದಲ್ಲಿ ಸತ್ತರೆ 2 ಲಕ್ಷ, ಒಂದು ಕೈ ಅಥವಾ ಕಾಲು ಹೋದರೆ 1 ಲಕ್ಷ. ಜೀವನ್ ಜ್ಯೋತಿ 436 ರೂ. (ಸೇರಲು 18–50): ಯಾವ ಕಾರಣಕ್ಕೆ ಸತ್ತರೂ 2 ಲಕ್ಷ, ಹೊಸದಾಗಿ ಸೇರಿದವರಿಗೆ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ. ಎರಡೂ ಸೇರಿ ಒಬ್ಬರಿಗೆ ವರ್ಷಕ್ಕೆ 456. ನಿಮ್ಮ ಒಂದು ತಿಂಗಳ ದುಡ್ಡಿನಲ್ಲಿ ನಾಲ್ಕು ಜನಕ್ಕೆ ಆಗುತ್ತದೆ. ಫಾರಂ ಅವರ ಖಾತೆ ಇರುವ ಬ್ಯಾಂಕಿನಲ್ಲೇ ಕೊಡಬೇಕು, ಒಬ್ಬರಿಗೆ ಒಂದೇ ಖಾತೆಯಿಂದ.

ಕೆಡುವುದು ಮೇ ಕೊನೆಯ ವಾರದಲ್ಲಿ. ವಿಮೆ ವರ್ಷ ಜೂನ್ 1ರಿಂದ ಮೇ 31, ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಜನಧನ್ ಖಾತೆ ಖಾಲಿ ಇದ್ದರೆ ಕಡಿತವಾಗುವುದಿಲ್ಲ, ವಿಮೆ ನಿಲ್ಲುತ್ತದೆ, ಅವರಿಗೆ ಅದು ತಿಳಿಯುವುದೂ ಇಲ್ಲ. ಆದ್ದರಿಂದ ಮೇ 20ರ ಹೊತ್ತಿಗೆ 500 ರೂ. ಅವರ ಖಾತೆಗೇ ಹಾಕಿ, ಜೂನ್ ಮೊದಲ ವಾರ ಪಾಸ್‌ಬುಕ್ಕಿನಲ್ಲಿ 20 ಮತ್ತು 436 ಕಡಿತವಾಗಿದೆಯೇ ನೋಡಿ. ನಾಮಿನಿ ಜಾಗ ಖಾಲಿ ಬಿಡಬೇಡಿ. ನಾಮಿನಿ ಚಿಕ್ಕ ಮಗುವಾದರೆ ಪಾಲಕರ ಹೆಸರೂ ಬೇಕು. ಹೆಂಡತಿ ಊರಲ್ಲಿದ್ದರೆ ಫಾರಂ ಜತೆ ಸಿಗುವ ಸ್ವೀಕೃತಿ ಚೀಟಿಯ ಫೋಟೊ ಆಕೆಯ ಫೋನಿಗೂ ಹೋಗಲಿ. ಎಷ್ಟೋ ಮನೆಗಳಿಗೆ ಹಣ ಬರದಿರುವುದು ವಿಮೆ ಇತ್ತೆಂದೇ ಗೊತ್ತಿಲ್ಲದೆ. ಒಂದು ಮಾತು: ಮೊದಲು ಅವರನ್ನು ಕೇಳಿ. ಮಗಳ ಫೀಸು ಕಟ್ಟಬೇಕು, ನಗದೇ ಬೇಕು ಅಂದರೆ ನಗದನ್ನೇ ಕೊಡಿ, ಅದರಲ್ಲಿ ತಪ್ಪೇನೂ ಇಲ್ಲ.

ಸೇಡಂ ಹುಡುಗ:
ನಾಕಾದಾಗ ನಿಂದ್ರೋ ನಮ್ಮ ಮಂದಿಗೆ ರೊಕ್ಕಕ್ಕಿಂತ ರೇಷನ್ ಬಿಡಿಸಿ ಕೊಡ್ರಿ. ಊರಿನ ಬಿಪಿಎಲ್, ಅಂತ್ಯೋದಯ ಕಾರ್ಡು ಆಹಾರ ಭದ್ರತಾ ಕಾಯ್ದೆಯೊಳಗ ಇದ್ರ, ಒಂದು ದೇಶ ಒಂದು ರೇಷನ್ ಕಾರ್ಡ್ ಪ್ರಕಾರ ಇಲ್ಲೇ ಮುಂಬಯಿ ಅಂಗಡ್ಯಾಗ ಧಾನ್ಯ ಸಿಗತೈತ್ರಿ. ಬಿಪಿಎಲ್‌ಗೆ ತಲಿಗೆ 5 ಕೆಜಿ, 2023ರ ಜನವರಿಯಿಂದ ಪುಕ್ಕಟೆ. ಅಪ್ಪ ಇಲ್ಲಿ, ಅವ್ವ ಊರಾಗ ಇದ್ರ ಇಲ್ಲಿ ಒಂದಿಷ್ಟು ಅಲ್ಲಿ ಒಂದಿಷ್ಟು ತಗೋಬಹುದು. ಕರ್ನಾಟಕ ಸರಕಾರ ಮ್ಯಾಲ ಕೊಡೋದು ಮಾತ್ರ ಇಲ್ಲಿ ಸಿಗಂಗಿಲ್ಲ.

ಅಂಗಡಿಯವ "ಸ್ಟಾಕ್ ನಹೀ" ಅಂತಾನ, ಇಲ್ಲಾ ಅಂಗಡಿ ಮಷಿನ್ ಬೆರಳು ತಗೊಳಂಗಿಲ್ಲ. ಸಿಮೆಂಟ್ ಕಲಸಿ ಕಲಸಿ ಬೆರಳಿನ ಗೆರಿ ಸವದಿರತಾವ. ಕೈ ಸಬಕಾರಲೆ ತೊಳದು, ಒಂಚೂರು ಎಣ್ಣಿ ಹಚ್ಚಿ ಒರಸಿ, ಹತ್ತೂ ಬೆರಳು ಒಂದೊಂದಾಗಿ ಇಟ್ಟು ನೋಡ್ರಿ. ಆಗದಿದ್ರ ಆಧಾರ್ ಕೇಂದ್ರಕ್ಕ ಹೋಗಿ ಬೆರಳು, ಕಣ್ಣು ಹೊಸದಾಗಿ ತಗಸಬೇಕು. ಅದಕ್ಕ ಒಂದು ದಿನದ ಪಗಾರ ಹೋಗತೈತಿ, ಆ ಪಗಾರ ನೀವು ಕೊಡ್ರಿ. ನೀವು ಕೇಳಿದ ದಾನ ಇದ ಅಲ್ಲೇನ್ರಿ? ರೇಷನ್ ಕಂಪ್ಲೇಂಟಿಗೆ 14445ಕ್ಕ ಫೋನ್ ಹಚ್ರಿ.

ಕುರ್ಲಾ ಹಾರ್ಡ್‌ವೇರ್:
ವರ್ಷಕ್ಕೊಂದು ದೊಡ್ಡ ಖರ್ಚು ಮಾಡುವಿರಾದರೆ ಮಳೆಗೆ ಮುಂಚೆ ಜೋಪಡಿಯವರಿಗೆ ತಾಡಪತ್ರಿ (ಟಾರ್ಪಾಲಿನ್) ಕೊಡಿ. ಬೇಗ ಹರಿಯುವ ತೆಳು ಹಾಳೆಯನ್ನೇ ಹೆಚ್ಚಿನವರು ಕೊಡುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹತ್ತಡಿ-ಹತ್ತಡಿ ಜೋಪಡಿಗೆ 15×18 ಅಡಿಯದು ಬೇಕು; ಮಾಡಿನ ಇಳಿಜಾರಿಗೂ ಅಂಚು ಗೋಡೆ ಮೇಲೆ ಇಳಿಬೀಳಲಿಕ್ಕೂ ಅಷ್ಟಾಗುತ್ತದೆ. ದಪ್ಪ 200 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 200 ಗ್ರಾಂ. ಈ ಅಳತೆಯ ಹಾಳೆ ಸುಮಾರು 25 ಚದರ ಮೀಟರ್, ಅಂದರೆ ತೂಕ 5 ಕೆಜಿ ಬರಲೇಬೇಕು. ಅಂಗಡಿಯಲ್ಲೇ ತಕ್ಕಡಿಗೆ ಹಾಕಿಸಿ. ಮೂರೂವರೆ ಕೆಜಿ ಬಂದರೆ ಅದು 140 ಜಿಎಸ್‌ಎಂ, ಲೇಬಲ್ಲಿನಲ್ಲಿ ಏನೇ ಬರೆದಿರಲಿ. ಬಣ್ಣಕ್ಕೆ ದುಡ್ಡು ಹೆಚ್ಚು ಕೊಡಬೇಡಿ.

ಹರಿಯುವುದು ನಡುವೆ ಅಲ್ಲ, ಅಂಚಿನಲ್ಲಿ ಹಗ್ಗ ಕಟ್ಟಲಿಕ್ಕೆ ಕಣ್ಣು (ತೂತು) ಹಾಕಿದ ಕಡೆ. ನೈಲಾನ್ ಹಗ್ಗವನ್ನು ಕಣ್ಣಿಗೆ ನೇರವಾಗಿ ಬಿಗಿದರೆ ಗಾಳಿಯ ಒಂದೊಂದು ಎಳೆತವೂ ಅಲ್ಲೇ ಬೀಳುತ್ತದೆ. ಸೈಕಲ್ಲಿನ ಹಳೇ ಟ್ಯೂಬನ್ನು ಒಂದಡಿ ತುಂಡು ಮಾಡಿ ಕಣ್ಣಿಗೂ ಹಗ್ಗಕ್ಕೂ ನಡುವೆ ಕಟ್ಟಿದರೆ ಆ ಎಳೆತವನ್ನು ಟ್ಯೂಬು ತಗೊಳ್ಳುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಕೇಳಿದರೆ ಕೊಡುತ್ತಾರೆ. ಹಾಳೆಯ ಜತೆ ಹತ್ತು ಹನ್ನೆರಡು ತುಂಡು, 20 ಮೀಟರ್ ಹಗ್ಗ ಸೇರಿಸಿ. ತಗಡಿನ ಚೂಪು ತುದಿ ಇದ್ದ ಕಡೆ ಕೆಳಗೆ ಗೋಣಿಚೀಲ ಮಡಿಸಿ ಹಾಸಬೇಕು. ಹೋರ್ಡಿಂಗಿನ ಹಳೇ ಫ್ಲೆಕ್ಸ್ ಅಡಿಪದರಕ್ಕೆ ಆಗುತ್ತದೆ, ಮೇಲೆ ಹಾಕಿದರೆ ಬಿಸಿಲಿಗೆ ಸೀಳುತ್ತದೆ.

ಮುಂಬಯಿಗೆ ಮಳೆ ಜೂನ್ 10ರ ಆಸುಪಾಸು. ಮೇ ಮೊದಲ ವಾರವೇ ಕೊಳ್ಳಿ. ಕೊನೆಯ ವಾರ ದರವೂ ಏರುತ್ತದೆ, ಒಳ್ಳೆ ಮಾಲೂ ಸಿಗುವುದಿಲ್ಲ. ಒಂದೇ ಸಾಲಿನ ಹತ್ತು ಜೋಪಡಿಗೆ ಮೂರೇ ಹಾಳೆ ಒಯ್ದರೆ ಜಗಳ ಗ್ಯಾರಂಟಿ. ಮೊದಲು ಹೋಗಿ ಎಣಿಸಿ, ಎಲ್ಲರಿಗೂ ಆಗುವಷ್ಟು ಇಲ್ಲದಿದ್ದರೆ ಚಿಕ್ಕ ಸಾಲು ಆರಿಸಿ.

ಪರೇಲ್ ಅಕ್ಕ:
ಆಸ್ಪತ್ರೆಗೆ ಕೊಡುವುದಾದರೆ ಮೆಡಿಕಲ್ ಸೋಷಿಯಲ್ ವರ್ಕರ್ ಕೋಣೆಗೆ ನೇರವಾಗಿ ಹೋಗಿ. ಕೆಇಎಂ, ನಾಯರ್, ಸಯಾನ್ ಈ ಮೂರು ಪಾಲಿಕೆ ಆಸ್ಪತ್ರೆಗಳಲ್ಲೂ ಪೂರ್ ಬಾಕ್ಸ್ ಚಾರಿಟಿ ಫಂಡ್ (ಬಡ ರೋಗಿಗಳ ನಿಧಿ) ಇದೆ. ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲೂ ಸಮಾಜಸೇವಾ ವಿಭಾಗವಿದೆ. "ಯಾವ ರೋಗಿಗೆ ಯಾವ ಸಾಮಾನು ಬಾಕಿ ಇದೆ" ಎಂದು ಕೇಳಿ, ಆಸ್ಪತ್ರೆಯ ಹೆಸರಿಗೇ ಕಟ್ಟಿ ರಸೀದಿ ತಗೊಳ್ಳಿ. ವಾಟ್ಸಾಪಿನಲ್ಲಿ ಮಗುವಿನ ಫೋಟೊ ಜತೆ ಯಾರದೋ ಸ್ವಂತ ಯುಪಿಐ ನಂಬರ್ ಬಂದರೆ ಕೇಸ್‌ಪೇಪರ್ ನಂಬರ್, ವಾರ್ಡ್ ಕೇಳಿ, ಅದೇ ಕೋಣೆಯಲ್ಲಿ ತಾಳೆ ನೋಡಿ. ಕೀಮೋ ನಡೆಯುತ್ತಿರುವವರಿಗೆ ಕತ್ತರಿಸಿದ ಹಣ್ಣು, ತಣ್ಣಗಾದ ಊಟ ಒಯ್ಯಬೇಡಿ, ಅವರಿಗೆ ಸೋಂಕು ಬೇಗ ತಗಲುತ್ತದೆ.

ಇನ್ನೊಂದು, ದುಡ್ಡೇ ಬೇಡದ ಸಹಾಯ. ಮಹಾರಾಷ್ಟ್ರದಲ್ಲಿ ಟ್ರಸ್ಟ್ ನಡೆಸುವ ದೊಡ್ಡ ಧರ್ಮಾದಾಯ ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಕಡುಬಡವರಿಗೆ ಉಚಿತ, ಇನ್ನು 10 ರಿಯಾಯಿತಿ ದರದಲ್ಲಿ ಇಡಬೇಕು. ರೋಗಿಯ ಕಡೆಯವರು ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿ, "ಖಾಲಿ ಇಲ್ಲ" ಅನ್ನಿಸಿಕೊಂಡು ಬರುತ್ತಾರೆ. ನೀವು ಜತೆಗೆ ಹೋಗಿ, ರೇಷನ್ ಕಾರ್ಡ್ ಇಲ್ಲವೇ ತಹಸೀಲ್ದಾರರ ಆದಾಯ ಪತ್ರ ಲಗತ್ತಿಸಿ ಅರ್ಜಿ ಬರೆದು, ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿ. ಆಗಲೂ ಇಲ್ಲವೆಂದರೆ ಆ ನಕಲಿನೊಂದಿಗೆ ವರ್ಲಿಯ ಚಾರಿಟಿ ಕಮಿಷನರ್ ಕಚೇರಿ.

ಘಾಟ್ಕೋಪರ್‌ವಾಸಿ:
ಎಲ್ಲರಿಗೂ ಧನ್ಯವಾದ. ವಿಮೆ ಮತ್ತು ತಾಡಪತ್ರಿಯಿಂದ ಶುರು ಮಾಡುತ್ತೇನೆ. ಇವಕ್ಕೆಲ್ಲ 80ಜಿ (ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ) ಸಿಗುತ್ತದೆಯೇ?

ಪಾಸ್‌ಬುಕ್:
ವ್ಯಕ್ತಿಗೆ ಕೊಟ್ಟದ್ದಕ್ಕೆ ಇಲ್ಲ. 80ಜಿ ನೋಂದಣಿ ಇರುವ ಸಂಸ್ಥೆಗೆ ಕೊಟ್ಟರೆ ಮಾತ್ರ, ಅದೂ ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ. 2,000 ಮೀರಿದ ನಗದು ಲೆಕ್ಕಕ್ಕಿಲ್ಲ. ಚೆಕ್ ಅಥವಾ ಯುಪಿಐ ಮಾಡಿ, ಸಂಸ್ಥೆಯಿಂದ ದಾನದ ಪ್ರಮಾಣಪತ್ರ (ಫಾರಂ 10ಬಿಇ) ಕೇಳಿ ಪಡೆಯಿರಿ.