‘ಮೂತ್ರ ಅಸಂಯಮ’, ‘ಅರಳುಮರಳು’: ಶುಶ್ರೂಷಾ ಪಾಠಕ್ಕೆ ಬೇರೆ ಪದಗಳು ಬೇಕಾಗಿವೆ

ಬಳಗದ ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಸೂತಿ ಮತ್ತು ಸ್ತ್ರೀರೋಗ ಶುಶ್ರೂಷೆಯನ್ನು ಕಲಿಸುವ ಕೆಲಸ ನನ್ನದು. ಎರಡು ವರ್ಷದ ಈ ಓದಿನಲ್ಲಿ ಪಾಠವೂ ಪರೀಕ್ಷೆಯೂ ಇಂಗ್ಲಿಷಿನಲ್ಲೇ ನಡೆಯುತ್ತವೆ, ಆದರೆ ವಾರ್ಡಿನ ಬಾಗಿಲು ದಾಟಿದ ಕೂಡಲೇ ಬೇಕಾಗುವುದು ಕನ್ನಡ. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದವರು ತರಗತಿಯಲ್ಲಿ ಹಲವರಿದ್ದಾರೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿಯರಿಗೂ ಅರವತ್ತು ದಾಟಿದ ಹೆಂಗಸಿನ ಮುಂದೆ ಕುಳಿತು ಮುಟ್ಟು, ಮೂತ್ರ, ಮರೆವುಗಳ ಬಗ್ಗೆ ಕೇಳುವಾಗ ನಾಲಿಗೆ ತಡವರಿಸುತ್ತದೆ. ಅವರಿಗಾಗಿ ರೋಗಿಯ ತೊಂದರೆಗಳನ್ನು ಕೇಳಿ ಬರೆದುಕೊಳ್ಳಲು ಅನುಕೂಲವಾಗುವ ಒಂದು ಕನ್ನಡ ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಅದರ ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕಾಗಿದೆ.

ಮೊದಲ ಕರಡಿನಲ್ಲಿ ನಾನು ಪದಕೋಶಗಳನ್ನೂ ಹಳೆಯ ಅನುವಾದಗಳನ್ನೂ ನಂಬಿ ಇಂಗ್ಲಿಷಿನ ‘ಸ್ಟ್ರೆಸ್ ಯೂರಿನರಿ ಇನ್‌ಕಾಂಟಿನೆನ್ಸ್’ಗೆ, ಎಂದರೆ ಕೆಮ್ಮಿದಾಗ ಸೀನಿದಾಗ ತಾನಾಗಿಯೇ ಮೂತ್ರ ಹೋಗುವುದಕ್ಕೆ, ‘ಒತ್ತಡದ ಮೂತ್ರ ಅಸಂಯಮ’ ಎಂದು ಬರೆದಿದ್ದೆ. ಮೊಣಕಾಲು ನೋವಿಗೆಂದು ಆಸ್ಪತ್ರೆಗೆ ಬಂದಿದ್ದ, ಮಾಗಡಿ ಕಡೆಯ ಒಬ್ಬ ಅಜ್ಜಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ನನ್ನ ವಿದ್ಯಾರ್ಥಿನಿಯೊಬ್ಬಳು ಆ ಕರಡನ್ನು ಹಾಗೆಯೇ ಓದಿ ಕೇಳಿದಳು. ಅಜ್ಜಿಗೆ ಅದರಲ್ಲಿ ತಿಳಿದದ್ದು ‘ಒತ್ತಡ’ ಎಂಬ ಒಂದೇ ಮಾತು. “ಇರದೇ ಏನವ್ವ, ಮಗ ಸೊಸೆ ಇಬ್ರೂ ಕೆಲಸಕ್ಕೆ ಹೋಗ್ತಾರೆ, ಮಗೂನ ನಾನೇ ನೋಡ್ಕೋಬೇಕು” ಎಂದರು. ‘ಅಸಂಯಮ’ ಎಂಬುದು ಪಕ್ಕದಲ್ಲಿ ನಿಂತಿದ್ದ ಮಗಳಿಗೆ ಅರ್ಥವಾಯಿತು, ಅರ್ಥವಾದದ್ದರಿಂದಲೇ ಆಕೆಯ ಮುಖ ಸಣ್ಣದಾಯಿತು. “ನಮ್ಮಮ್ಮ ಅಂಥೋರಲ್ಲ ಸಿಸ್ಟರ್” ಎಂದುಬಿಟ್ಟರು. ಹಾಳೆಯಲ್ಲಿ ‘ಇಲ್ಲ’ ಎಂದು ಗುರುತು ಬಿತ್ತು. ಮಗಳು ಔಷಧಿ ತರಲು ಕೆಳಗೆ ಹೋದಾಗ ನಾನು ಹೋಗಿ, “ಕೆಮ್ಮಿದಾಗ, ಸೀನಿದಾಗ, ಬಿಂದಿಗೆ ಎತ್ತಿದಾಗ ನಿಮಗೆ ಗೊತ್ತಿಲ್ಲದ ಹಾಗೆ ಒಂದಕ್ಕೆ ಆಗಿಬಿಡುತ್ತಾ ಅಮ್ಮಾ?” ಎಂದು ಕೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು, “ಕಿರಿಯವಳು ಹುಟ್ಟಿದಾಗಿನಿಂದ್ಲೂ” ಎಂದರು. ದಿಂಬಿನ ಕೆಳಗೆ ಹಳೆಯ ಸೀರೆಯಿಂದ ಹರಿದ ಬಟ್ಟೆಯ ಮಡಿಕೆಗಳು ನಾಲ್ಕಾರು ಇದ್ದವು.

‘ಸಂಯಮ’ ಎಂದರೆ ಕನ್ನಡದಲ್ಲಿ ಮನಸ್ಸಿನ, ಇಂದ್ರಿಯಗಳ ಹಿಡಿತ. ಅದಿಲ್ಲದವರು ಎಂದರೆ ನಡತೆಯಲ್ಲಿ ಕೊರತೆಯುಳ್ಳವರು ಎಂದೇ ಕೇಳುವವರ ಕಿವಿಗೆ ಬೀಳುತ್ತದೆ. ಆದರೆ ಈ ಕ್ಷೇತ್ರದ ಪರಿಭಾಷೆಯನ್ನು ರೂಪಿಸುವ ಅಂತರರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿ 2002ರಲ್ಲಿ ಕೊಟ್ಟ ವಿವರಣೆಯ ಜೀವಾಳವೇ ಇದು ವ್ಯಕ್ತಿಯ ಇಚ್ಛೆಯಿಲ್ಲದೆ ಆಗುವಂಥದ್ದು ಎಂಬುದು. ಹೆರಿಗೆಗಳಲ್ಲಿ ಹಿಗ್ಗಿ ಸಡಿಲವಾದ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ, ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿದು ತೆಳುವಾದ ಒಳಪದರಕ್ಕೆ ಸಂಯಮದ ಹೊಣೆ ಹೊರಿಸುವ ಪದ ತನ್ನ ವಿವರಣೆಗೇ ವಿರುದ್ಧವಾಗಿ ನಿಲ್ಲುತ್ತದೆ. ‘ಒತ್ತಡ’ದ ಕಥೆಯೂ ಅಷ್ಟೆ: ಇಲ್ಲಿ ಅದು ಹೊಟ್ಟೆಯೊಳಗಿನ ಒತ್ತಡ, ಆದರೆ ಇಂದಿನ ಬಳಕೆಯಲ್ಲಿ ಅದು ಮನಸ್ಸಿನದೇ ಆಗಿಹೋಗಿದೆ.

ಕೈಪಿಡಿಯಲ್ಲಿ ‘ಮೂತ್ರ ಸೋರಿಕೆ’ ಎಂದು ಬಳಸಿ, ಬಗೆಗಳನ್ನು ಹೆಂಗಸರು ಹೇಳುವ ಮಾತಿನಿಂದಲೇ ಗುರುತಿಸಬೇಕೆಂಬುದು ನನ್ನ ಆಲೋಚನೆ. ಕೆಮ್ಮಿದಾಗ ಸೀನಿದಾಗ ಆಗುವುದು ಒಂದು ಬಗೆ. ಇದಕ್ಕೆ 1948ರಲ್ಲಿ ಆರ್ನಲ್ಡ್ ಕೆಗೆಲ್ ವಿವರಿಸಿದ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ಇಂದಿಗೂ ಮೊದಲ ಚಿಕಿತ್ಸೆ, ಅದನ್ನು ಹೇಳಿಕೊಡುವವರು ಬಹುಮಟ್ಟಿಗೆ ದಾದಿಯರೇ. ‘ಬಂತು ಅಂದ್ರೆ ತಡೆಯೋಕಾಗಲ್ಲ’ ಎನ್ನುವುದು ಎರಡನೆಯದು. ಅಲ್ಲಿ ಒಂದು ಸಲ ಮೂತ್ರಕ್ಕೆ ಹೋಗಿ ಮತ್ತೆ ಹೋಗುವುದರ ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಮೂತ್ರಕೋಶಕ್ಕೆ ಅಭ್ಯಾಸ ಮಾಡಿಸಬೇಕು. ‘ಎದ್ದು ಹೋಗೋಷ್ಟರಲ್ಲಿ ಆಗಿಹೋಗುತ್ತೆ’ ಎಂಬ ಮೂರನೆಯ ಮಾತಿನಲ್ಲಿ ಹಲವು ಸಲ ಮೂತ್ರಕೋಶದ ತಪ್ಪೇನೂ ಇರುವುದಿಲ್ಲ. ಮೊಣಕಾಲು ಮಡಚದು, ಬಚ್ಚಲು ದೂರ, ದೀಪ ಇಲ್ಲ, ಬಿಪಿಗೆಂದು ಕೊಟ್ಟ ಮೂತ್ರ ಹೆಚ್ಚಿಸುವ ಮಾತ್ರೆಯನ್ನು ರಾತ್ರಿ ನುಂಗಿರುತ್ತಾರೆ. ಮಾಗಡಿಯ ಅಜ್ಜಿಯಲ್ಲಿ ಮೊದಲನೆಯದೂ ಮೂರನೆಯದೂ ಕೂಡಿದ್ದವು. ಪರೀಕ್ಷೆಯ ಮೇಜಿನ ಮೇಲೆ ಮಲಗಿಸುವ ಮೊದಲೇ, ಅವರ ಮಾತನ್ನು ಸರಿಯಾಗಿ ಕೇಳಿದರೆ ಅರ್ಧ ತಿಳಿಯುತ್ತದೆ. (‘ಶುಶ್ರೂಷೆ’ ಎಂಬ ಪದದ ಮೂಲಾರ್ಥವೇ ಕೇಳಬೇಕೆಂಬ ಇಚ್ಛೆ, ‘ಶ್ರು’ ಧಾತುವಿನಿಂದ ಬಂದದ್ದು ಎಂಬುದನ್ನು ಪ್ರತಿ ವರ್ಷ ಮೊದಲ ತರಗತಿಯಲ್ಲಿ ಹೇಳುತ್ತೇನೆ.)

‘ಸೋರಿಕೆ’ ಎಂದರೆ ನಲ್ಲಿಯದು, ಪ್ರಶ್ನೆಪತ್ರಿಕೆಯದು; ಪ್ರಬಂಧದಲ್ಲಿ ಹಗುರವಾಗಿ ಕಾಣುತ್ತದೆ ಎಂಬುದು ನನ್ನ ಸಹೋದ್ಯೋಗಿಗಳ ಆಕ್ಷೇಪಣೆ. ಅದನ್ನು ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಸೋರು, ಜಿನುಗು, ತೊಟ್ಟಿಕ್ಕು ಎಂಬ ಬೇರೆ ಬೇರೆ ಕ್ರಿಯಾಪದಗಳಿವೆ, ಮತ್ತು ಆ ವ್ಯತ್ಯಾಸ ನಮಗೆ ಚಿಕಿತ್ಸೆಯಲ್ಲಿ ಬೇಕಾದದ್ದು: ಹಗಲು ರಾತ್ರಿ ಬಿಡದೆ ತೊಟ್ಟಿಕ್ಕುತ್ತದೆ ಎಂದು ಹೆಂಗಸೊಬ್ಬಳು ಹೇಳಿದರೆ, ಕಷ್ಟದ ಹೆರಿಗೆಯಲ್ಲಿ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತಾಗಿರಬಹುದೇ ಎಂದು ನೋಡಬೇಕಾಗುತ್ತದೆ. ಒಂದು ಸಂಸ್ಕೃತ ಸಮಾಸದೊಳಗೆ ಎಲ್ಲವನ್ನೂ ತುಂಬಿದರೆ ಈ ಸೂಕ್ಷ್ಮ ಮುಚ್ಚಿಹೋಗುತ್ತದೆ.

ಮುಟ್ಟಿನ ವಿಷಯದಲ್ಲಿ ತೊಡಕು ಇದಕ್ಕೆ ತಿರುಗಾಮುರುಗಾ. ‘ಋತುಬಂಧ’ವನ್ನು ಬಿಟ್ಟು ‘ಮುಟ್ಟು ನಿಲ್ಲುವುದು’ ಎಂದು ಬರೆಯಲು ನನಗೆ ಸಂಕೋಚವಿಲ್ಲ. ಆದರೆ ಹನ್ನೆರಡು ತಿಂಗಳು ಮುಟ್ಟು ನಿಂತ ಮೇಲೆ ಕಾಣಿಸಿಕೊಳ್ಳುವ ರಕ್ತವನ್ನು ಹೆಂಗಸರು “ಮತ್ತೆ ಮುಟ್ಟಾದೆ” ಎಂದೇ ಹೇಳುತ್ತಾರೆ, ಕೆಲವರು ಅದನ್ನು ದೇಹದ ಕಸುವೆಂದು ತಿಳಿದು ನೆಮ್ಮದಿಯಿಂದಲೂ ಇರುತ್ತಾರೆ. ಅದು ಮುಟ್ಟಲ್ಲ; ಗರ್ಭಕೋಶದ ಒಳಪದರದ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರಬಹುದಾದ್ದರಿಂದ ಒಂದು ಹನಿಯಾದರೂ ಪರೀಕ್ಷೆ ಆಗಲೇಬೇಕು. ಇಲ್ಲಿ ಜನರ ಮಾತನ್ನು ಹಾಗೆಯೇ ತೆಗೆದುಕೊಳ್ಳುವಂತಿಲ್ಲ. ‘ಮುಟ್ಟು ನಿಂತ ಮೇಲಿನ ರಕ್ತ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾದ, ಮುಟ್ಟಿನ ನೆನಪು ತರದ ಮಾತೊಂದು ಎಲ್ಲಾದರೂ ಬಳಕೆಯಲ್ಲಿದ್ದರೆ ತಿಳಿಸಿ.

ಇನ್ನು ‘ಅರಳುಮರಳು’. ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಮನೆಯವರ ಬಾಯಲ್ಲಿ ಎಷ್ಟು ಸಲೀಸೆಂದರೆ, ಅಜ್ಜಿ ಹೊತ್ತು ಗೊತ್ತಿಲ್ಲದೆ ಏನೇನೋ ಮಾತನಾಡಿದರೆ ವಯಸ್ಸಾಯಿತು ಎಂದು ಸುಮ್ಮನಾಗುತ್ತಾರೆ. ಆದರೆ ಅದು ಎರಡು ದಿನಗಳಲ್ಲಿ ಶುರುವಾದದ್ದೋ, ಎರಡು ವರ್ಷಗಳಲ್ಲಿ ನಿಧಾನವಾಗಿ ಬಂದದ್ದೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ನಿಧಾನವಾಗಿ ಬಂದದ್ದು ಡಿಮೆನ್ಷಿಯಾ ಇರಬಹುದು; ಗಂಟೆಗಳಲ್ಲಿ, ದಿನಗಳಲ್ಲಿ ಬಂದು, ಬೆಳಗ್ಗೆ ಸರಿಯಿದ್ದು ಸಂಜೆಗೆ ಕೆರಳುವುದು ಡೆಲಿರಿಯಂ, ಅದರ ಹಿಂದೆ ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಹೊಸ ಮಾತ್ರೆ ಹೀಗೆ ಸರಿಪಡಿಸಬಹುದಾದ ಕಾರಣವೊಂದು ಅನೇಕ ವೇಳೆ ಇರುತ್ತದೆ. ಎರಡಕ್ಕೂ ‘ಅರಳುಮರಳು’ ಎಂದರೆ ಎರಡನೆಯದು ಕೈತಪ್ಪುತ್ತದೆ. ಡಿಮೆನ್ಷಿಯಾಕ್ಕೆ ‘ಬುದ್ಧಿಮಾಂದ್ಯ’ ಎಂದು ಬರೆಯುವವರೂ ಇದ್ದಾರೆ; ಅದು ಹುಟ್ಟಿನಿಂದ ಇರುವ ಬೇರೆಯೇ ಸ್ಥಿತಿಗೆ ನಿಂತುಹೋದ ಪದ. ‘ಮರೆವಿನ ಕಾಯಿಲೆ’ ಎಂಬುದು ಎಲ್ಲವನ್ನೂ ಹೇಳದಿದ್ದರೂ ನೋಯಿಸುವುದಿಲ್ಲ. ಜಪಾನಿನಲ್ಲಿ ಮೌಢ್ಯವನ್ನು ಸೂಚಿಸುತ್ತಿದ್ದ ‘ಚಿಹೋ’ ಎಂಬ ಹಳೆಯ ಪದವನ್ನು 2004ರಲ್ಲಿ ಸರ್ಕಾರವೇ ಕೈಬಿಟ್ಟು ‘ನಿಂಚಿಶೋ’ ಎಂಬ ಹೊಸ ಪದವನ್ನು ತಂದಿತು. ಪದ ಬದಲಾಯಿಸುವುದು ಆಗದ ಮಾತಲ್ಲ ಎಂದು ನನಗೆ ಧೈರ್ಯ ಬಂದದ್ದು ಅದರಿಂದ.

ಡೆಲಿರಿಯಂಗೆ ‘ಸನ್ನಿ’ ಎಂಬ ಪದ ನನ್ನ ಮನಸ್ಸಿನಲ್ಲಿದೆ. ‘ಬಾಣಂತಿ ಸನ್ನಿ’ ಎಲ್ಲರಿಗೂ ಗೊತ್ತು; ಜ್ವರ ಏರಿ ಬಡಬಡಿಸಿದರೂ ಸನ್ನಿ ಎನ್ನುತ್ತಾರೆ. ಹಠಾತ್ತನೆ ಬರುತ್ತದೆ, ಮೈಯಲ್ಲಿ ಏನೋ ಕೆಟ್ಟಿದೆ, ಬೇಗ ನೋಡಬೇಕು ಎಂಬ ಮೂರೂ ಆ ಪದದಲ್ಲಿ ಆಗಲೇ ಅಡಗಿವೆ. ಅಳುಕು ಒಂದೇ: ಬಾಣಂತಿ ಸನ್ನಿಯ ಸುತ್ತ ಇರುವ ಗಾಳಿ, ಸೋಂಕು, ದೆವ್ವದ ಭಯವನ್ನು ಇದು ಅಜ್ಜಿಯ ಹಾಸಿಗೆಯವರೆಗೂ ಎಳೆದು ತಂದೀತೇ?

ಈ ತೊಂದರೆಗಳಿಗೆ ಒಳ್ಳೆಯ ಪದ ಕನ್ನಡದಲ್ಲಿ ಬೆಳೆಯದಿರುವುದಕ್ಕೆ ಓದಿನ ವಿಂಗಡಣೆಯೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಅಮೆರಿಕದಲ್ಲಿ ಉನ್ನತ ಶುಶ್ರೂಷಾ ಶಿಕ್ಷಣಕ್ಕೆಂದು 2008ರಲ್ಲಿ ರೂಪಿಸಿದ ಮಾದರಿಯೊಂದು ವಯಸ್ಕರನ್ನೂ ವೃದ್ಧರನ್ನೂ ಒಂದು ವರ್ಗದಲ್ಲಿ, ಮಹಿಳೆಯರ ಆರೋಗ್ಯವನ್ನು ಇನ್ನೊಂದರಲ್ಲಿ ಇಟ್ಟಿತು. ನಮ್ಮಲ್ಲಿ ಎಂ.ಎಸ್ಸಿ.ಯ ಪ್ರಸೂತಿ ವಿಭಾಗದ ಗಮನ ಬಸುರಿ ಬಾಣಂತಿಯರ ಮೇಲೆಯೇ ಹೆಚ್ಚು, ವೃದ್ಧರ ಶುಶ್ರೂಷೆಗೆ ಬೇರೆಯದೇ ಡಿಪ್ಲೊಮಾ ಇದೆ. ಎಪ್ಪತ್ತರ ಹೆಂಗಸು ಎರಡರ ನಡುವೆ ನಿಲ್ಲುತ್ತಾಳೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಕಲಬುರಗಿ, ಧಾರವಾಡ, ಕರಾವಳಿ, ಮಲೆನಾಡು, ಚಾಮರಾಜನಗರದ ಕಡೆಯವರು, ನಿಮ್ಮ ಮನೆಯ ಹಿರಿಯ ಹೆಂಗಸರು ಮೂತ್ರ ತಡೆಯಲಾಗದ್ದನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದರು, ‘ಸನ್ನಿ’ ಎಂದರೆ ಅವರಿಗೆ ಭಯವಿತ್ತೇ ನಾಚಿಕೆಯಿತ್ತೇ ಎಂಬುದನ್ನು ಊರಿನ ಹೆಸರಿನೊಡನೆ ಬರೆಯಿರಿ. ನಾಮಪದವೇ ಆಗಬೇಕಿಲ್ಲ, ಅವರು ಆಡಿದ ವಾಕ್ಯ ಹಾಗೆಯೇ ಸಿಕ್ಕಿದರೆ ಕೈಪಿಡಿಯಲ್ಲಿ ಅದನ್ನೇ ಪ್ರಶ್ನೆಯಾಗಿ ಇಡುತ್ತೇನೆ.