ಹೃದಯದ ಔಷಧ ಪ್ರಯೋಗಕ್ಕೆ ಅಮ್ಮ ಸೇರಬಹುದೇ? ಇಂತಹ ಅಧ್ಯಯನಗಳಲ್ಲಿ ಹೆಂಗಸರು ಏಕೆ ಕಡಿಮೆ?

ಪ್ರಶ್ನೆ: ಶಿಡ್ಲಘಟ್ಟದ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಯವರಿಗೆ 62 ವರ್ಷ. ಸುಸ್ತು, ಹೊಟ್ಟೆಯುಬ್ಬರ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಎಂದು ಹೇಳುತ್ತಿದ್ದಾಗ ಊರಿನಲ್ಲಿ ಬಹಳ ದಿನ ಗ್ಯಾಸ್ಟ್ರಿಕ್ ಮಾತ್ರೆಯನ್ನೇ ಕೊಟ್ಟರು. ಬೆಂಗಳೂರಿಗೆ ಹೋಗಿ ಎಕೋ ಮಾಡಿಸಿದ ಮೇಲೆ ಹೃದಯದ ಪಂಪಿಂಗ್ ಶೇ 35ಕ್ಕೆ ಇಳಿದಿರುವುದು ತಿಳಿಯಿತು. ಈಗ ಅಲ್ಲಿನ ವೈದ್ಯರು ಹೃದಯ ವೈಫಲ್ಯದ ಹೊಸ ಔಷಧವೊಂದರ ಪ್ರಯೋಗಕ್ಕೆ ಸೇರುವಿರಾ ಎಂದು ಕೇಳಿ, ಹಲವು ಪುಟಗಳ ಮಾಹಿತಿ ಪತ್ರ ಕೊಟ್ಟು ಕಳುಹಿಸಿದ್ದಾರೆ. ಅಣ್ಣ ಮಾತ್ರ ಅಮ್ಮನ ಮೇಲೆ ಪ್ರಯೋಗ ನಡೆಸಲು ಬಿಡುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಇಂತಹ ಅಧ್ಯಯನಗಳಿಗೆ ಹೆಂಗಸರು ಸಿಗುವುದೇ ಕಷ್ಟ ಎಂದು ವೈದ್ಯರು ಮಾತಿನ ನಡುವೆ ಹೇಳಿದರು. ಅದು ನಿಜವೇ? ನಿಜವಾದರೂ ಅದರಿಂದ ಆಗುವ ವ್ಯತ್ಯಾಸವೇನು? ಯಾರು ನುಂಗಿದರೂ ಮಾತ್ರೆ ಅದೇ ಅಲ್ಲವೇ?

ಉತ್ತರ 1: ಔಷಧಶಾಸ್ತ್ರ ಬೋಧಕಿ, ಕೋಲಾರ

ವೈದ್ಯರು ಹೇಳಿದ್ದು ನಿಜ. ಮಾತ್ರೆ ಅದೇ ಆದರೂ ಅದು ಎಲ್ಲರಲ್ಲೂ ಒಂದೇ ರೀತಿ ಕೆಲಸ ಮಾಡುತ್ತದೆ ಎಂದು ಪರೀಕ್ಷಿಸದೆ ಹೇಳಲಾಗದು. ಇದಕ್ಕೆ ಆಸ್ಪಿರಿನ್ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ 22,071 ವೈದ್ಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 1989ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ ತೆಗೆದುಕೊಂಡವರಲ್ಲಿ ಮೊದಲ ಹೃದಯಾಘಾತ ಶೇ 44ರಷ್ಟು ಕಡಿಮೆಯಾಗಿತ್ತು. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಮುಂದೆ ಸುಮಾರು 40,000 ಆರೋಗ್ಯವಂತ ಮಹಿಳೆಯರ ಮೇಲೆ ಅದೇ ಪ್ರಶ್ನೆಯನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಹೊರಬಂದಾಗ, ಒಟ್ಟಾರೆ ನೋಡಿದರೆ ಹೃದಯಾಘಾತ ಕಡಿಮೆಯಾಗಿರಲಿಲ್ಲ, ಪಾರ್ಶ್ವವಾಯು ಕಡಿಮೆಯಾಗಿತ್ತು. ನಡುವಿನ ಹದಿನಾರು ವರ್ಷ ಗಂಡಸರ ಲೆಕ್ಕವನ್ನೇ ಹೆಂಗಸರಿಗೂ ಅನ್ವಯಿಸಿಕೊಂಡು ಕೂತಿದ್ದೆವು.

ಹೆಂಗಸರನ್ನು ಹೊರಗಿಟ್ಟದ್ದು ಬರೀ ಅಲಕ್ಷ್ಯದಿಂದಲ್ಲ. ಗರ್ಭಿಣಿಯರು ನುಂಗಿದ ಥಾಲಿಡೋಮೈಡ್ ಎಂಬ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಭಯ ಇನ್ನೂ ಮಾಸದಿದ್ದ 1977ರಲ್ಲಿ, ಗರ್ಭ ಧರಿಸಬಲ್ಲ ವಯಸ್ಸಿನ ಮಹಿಳೆಯರನ್ನು ಆರಂಭಿಕ ಹಂತದ ಪ್ರಯೋಗಗಳಿಂದ ಹೊರಗಿಡಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ ಸೂಚಿಸಿತ್ತು. ಅದನ್ನು ಹಿಂತೆಗೆದುಕೊಂಡದ್ದು 1993ರಲ್ಲಿ.

ನಿಮ್ಮ ತಾಯಿಯವರ ಕಾಯಿಲೆಗೇ ಸಂಬಂಧಿಸಿದ ಸಂಗತಿಯೊಂದನ್ನು ಹೇಳುತ್ತೇನೆ. ಯುರೋಪಿನ ಹೃದಯ ವೈಫಲ್ಯದ ರೋಗಿಗಳ ಮಾಹಿತಿಯನ್ನು ಗಂಡು-ಹೆಣ್ಣು ಬೇರ್ಪಡಿಸಿ ನೋಡಿದ 2019ರ ವಿಶ್ಲೇಷಣೆಯೊಂದರಲ್ಲಿ, ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಬೀಟಾ ಬ್ಲಾಕರ್ ಮತ್ತು ಎಸಿಇ ಇನ್ಹಿಬಿಟರ್ ಗುಂಪಿನ ಔಷಧಗಳಿಂದ ಗಂಡಸರಿಗೆ ಪೂರ್ಣ ಪ್ರಮಾಣದಲ್ಲಿ ಸಿಕ್ಕ ಲಾಭ ಹೆಂಗಸರಿಗೆ ಅದರ ಅರ್ಧದಲ್ಲೇ ಸಿಕ್ಕಂತೆ ಕಂಡಿತು. ಇದನ್ನು ಓದಿ ದಯವಿಟ್ಟು ಅಮ್ಮನ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ. ಅದು ರೋಗಿಗಳನ್ನು ಗಮನಿಸಿ ಕಂಡುಕೊಂಡ ಮಾತೇ ಹೊರತು, ಚೀಟಿ ಎತ್ತಿ ಗುಂಪು ಮಾಡಿ ನಡೆಸಿದ ಪ್ರಯೋಗದ ತೀರ್ಪಲ್ಲ.

ಉತ್ತರ 2: ತುಮಕೂರಿನ ನಿವೃತ್ತ ನೌಕರ

ಮೇಡಂ, ಒಂದು ಆಕ್ಷೇಪ. ಹೆಂಗಸರಿಗೆ ಹೃದಯಾಘಾತವೇ ಕಡಿಮೆ ಮತ್ತು ತಡ ಎಂದಾದರೆ ಅಧ್ಯಯನದಲ್ಲಿಯೂ ಅವರು ಕಡಿಮೆ ಇರುವುದು ಸಹಜವಲ್ಲವೇ? ಜೊತೆಗೆ, ಸಂಖ್ಯೆ ತುಂಬಿಸುವ ಭರದಲ್ಲಿ ಬಡ ಹೆಂಗಸರ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕೇಳುವವರು ಯಾರು?

ಉತ್ತರ 3: ಸಂಶೋಧನಾ ಸಂಯೋಜಕಿ, ಚಿಂತಾಮಣಿ

ಸರ್, ನಿಮ್ಮ ಮೊದಲ ಮಾತು ಅರ್ಧ ಸರಿ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೆಂಗಸರಿಗೆ ಮೊದಲ ಹೃದಯಾಘಾತ ಗಂಡಸರಿಗಿಂತ ಸುಮಾರು ಒಂಬತ್ತು ವರ್ಷ ತಡವಾಗಿ ಆಗಿದ್ದು ಕಂಡುಬಂದಿದೆ. ಆದರೆ ಪ್ರಯೋಗಕ್ಕೆ ಎಪ್ಪತ್ತೈದೋ ಎಂಬತ್ತೋ ವಯಸ್ಸಿನ ಮಿತಿ ಹಾಕಿದಾಗ, ತಡವಾಗಿ ಕಾಯಿಲೆ ಬಿದ್ದವರೇ ಹೊರಗುಳಿಯುತ್ತಾರೆ. ಇನ್ನು ಹೃದಯ ವೈಫಲ್ಯವಂತೂ ಹೆಂಗಸರಲ್ಲಿ ಅಪರೂಪದ್ದಲ್ಲ. ಹಾಗಿದ್ದೂ ಹೃದಯ ವೈಫಲ್ಯದ ಔಷಧವೊಂದನ್ನು ಪರೀಕ್ಷಿಸಿದ 2014ರ ಪ್ಯಾರಡೈಮ್ ಪ್ರಯೋಗದಲ್ಲಿ ಅವರು ಐವರಲ್ಲಿ ಒಬ್ಬರಷ್ಟೇ ಇದ್ದರು.

ಉಳಿದ ಕಾರಣಗಳು ನಮ್ಮ ಸೀಮೆಯ ಮನೆಗಳಲ್ಲೇ ಇವೆ. ಮುಂದಿನ ಭೇಟಿಗೆ ಬರಲು ಹೇಳಿದರೆ ಗಂಡಸರು ಬಸ್ಸಿನ ಸಮಯ ಕೇಳುತ್ತಾರೆ, ಹೆಂಗಸರು ಜೊತೆಗೆ ಯಾರು ಬರುತ್ತಾರೆ ಎಂದು ಮಗನ ಮುಖ ನೋಡುತ್ತಾರೆ. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದಿದ್ದರೆ, ಹೊತ್ತುಹೊತ್ತಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಆ ತಾಯಿ ಬೆಂಗಳೂರಿಗೆ ಹೊರಡುವುದಿಲ್ಲ; ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಬಿಡುವ ದಿನವಂತೂ ಕೇಳುವುದೇ ಬೇಡ. ಬೆಳಿಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕೆಂದು ನಿಗದಿ ಮಾಡಿದವರಿಗೆ, ಅದೇ ಹೊತ್ತಿಗೆ ಡೇರಿಗೆ ಹಾಲು ಹಾಕಬೇಕೆಂಬುದು ಹೊಳೆದಿರುವುದಿಲ್ಲ. ಒಂದೆರಡು ಭೇಟಿ ತಪ್ಪಿದರೆ ಕಡತದಲ್ಲಿ 'ರೋಗಿ ಸಹಕರಿಸಲಿಲ್ಲ' ಎಂದು ಬರೆಯುತ್ತಾರೆ. ನನಗೆ ಈ ವಾಕ್ಯವನ್ನು ಕಂಡರೆ ಸಿಟ್ಟು ಬರುತ್ತದೆ. ಪ್ರಯಾಣದ ಖರ್ಚನ್ನು ಜೊತೆಗೆ ಬರುವವರಿಗೂ ಕೊಟ್ಟು, ಭೇಟಿಯ ದಿನವನ್ನು ಸ್ವಲ್ಪ ಹಿಂದೆ ಮುಂದೆ ಮಾಡಲು ಬಿಟ್ಟರೆ ಬರುವವರು ಇದ್ದೇ ಇದ್ದಾರೆ.

ಹೆಬ್ಬೆಟ್ಟಿನ ವಿಷಯದಲ್ಲಿ ನಿಮ್ಮ ಆತಂಕ ನ್ಯಾಯವಾದದ್ದು. ನಮ್ಮ ದೇಶದ 2019ರ ನಿಯಮಗಳ ಪ್ರಕಾರ ಪ್ರಯೋಗಕ್ಕೆ ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಅನುಮತಿ ಬೇಕು, ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು, ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಶಿಡ್ಲಘಟ್ಟದ ಸ್ನೇಹಿತರು ಮಾಹಿತಿ ಪತ್ರದಲ್ಲಿ ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಇದೆಯೇ ನೋಡಲಿ. ಅದನ್ನು ಅಂತರ್ಜಾಲದಲ್ಲಿ ಹಾಕಿದರೆ ಪ್ರಯೋಗದ ವಿವರ ಯಾರಿಗಾದರೂ ಸಿಗುತ್ತದೆ. ಈಗಿನ ಮಾತ್ರೆಗಳು ಮುಂದುವರಿಯುತ್ತವೆಯೇ, ಹೊಸ ಔಷಧದ ಬದಲು ಔಷಧವಿಲ್ಲದ ಮಾತ್ರೆ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ತಪ್ಪದೆ ಕೇಳಿ.

ಶಿಡ್ಲಘಟ್ಟದ ಓದುಗ

ತುಂಬಾ ಉಪಕಾರವಾಯಿತು. ನೋಂದಣಿ ಸಂಖ್ಯೆ ಇದೆ. ಅಮ್ಮನಿಗೆ ಓದಲು ಬರುವುದಿಲ್ಲ. ಅಣ್ಣ ಅವರ ಪರವಾಗಿ ಸಹಿ ಮಾಡಬಹುದೇ, ಅಥವಾ ಅಣ್ಣ ಬೇಡವೆಂದರೆ ಅಲ್ಲಿಗೇ ಮುಗಿಯಿತೇ?

ಸಂಶೋಧನಾ ಸಂಯೋಜಕಿ, ಚಿಂತಾಮಣಿ

ಎರಡೂ ಅಲ್ಲ. ತಾಯಿಯವರಿಗೆ ತಿಳಿವಳಿಕೆ ಸರಿಯಾಗಿರುವಾಗ ಅವರ ಪರವಾಗಿ ಮಗ ಒಪ್ಪುವಂತಿಲ್ಲ, ನಿರಾಕರಿಸುವಂತೆಯೂ ಇಲ್ಲ. ಪ್ರಯೋಗದ ತಂಡಕ್ಕೆ ಸೇರದ, ಓದುಬಲ್ಲ ಸಾಕ್ಷಿಯೊಬ್ಬರು ಮೊದಲಿನಿಂದ ಕೊನೆಯವರೆಗೆ ಕೂತು ಎಲ್ಲವನ್ನೂ ಕೇಳಿಸಿಕೊಂಡು ಸಹಿ ಹಾಕಬೇಕು. ಒಪ್ಪಿಗೆಯ ಹೆಬ್ಬೆಟ್ಟು ತಾಯಿಯವರದ್ದೇ ಆಗಬೇಕು. ಪತ್ರವನ್ನು ಕನ್ನಡದಲ್ಲಿ, ಅವರ ಮನೆಮಾತು ತೆಲುಗಾಗಿದ್ದರೆ ತೆಲುಗಿನಲ್ಲಿ, ನಿಧಾನವಾಗಿ ಓದಿ ಹೇಳುವಂತೆ ಕೇಳಿ. ಅಣ್ಣನವರನ್ನೂ ಅಂದು ಜೊತೆಗೆ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳಿಗೂ ವೈದ್ಯರೇ ಉತ್ತರಿಸಲಿ.